ತಗ್ಗಿನಲ್ಲಿ ಯಾರೂ ಇರಲಿಲ್ಲ

ಮನೆ, ಹಿಂದಿನ ಪಡಸಾಲೆ
ನವೆಂಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮರಿ,

ಹೇಗಿದ್ದೀಯೋ? ಮೀಸೆ ಬಂದು, ಭುಜದ ಮೇಲೆ ಪಟ್ಟಿ ಬಂದು, ಕೈಕೆಳಗೆ ನಾಲ್ಕು ಜನ ಬಂದ ಮೇಲೂ ಅಕ್ಕ ಮರಿ ಅಂತಲೇ ಕರೆಯುತ್ತಾಳಲ್ಲ ಎಂದು ಮುಖ ಸಿಂಡರಿಸಬೇಡ. ಪತ್ರವನ್ನು ನಾಲ್ಕು ಜನರ ಎದುರು ಬಿಚ್ಚದಿದ್ದರಾಯಿತು. ಕಣ್ಣು ಹೇಗಿದೆ? ದಿನವಿಡೀ ದುರ್ಬೀನಿನಲ್ಲಿ ನೋಡಿ ನೋಡಿ ಕಣ್ಣಲ್ಲಿ ನೀರು ಸುರಿಯುತ್ತದೆ ಎಂದು ಬರೆದಿದ್ದೆ. ಡಾಕ್ಟರಿಗೆ ತೋರಿಸಿದೆಯಾ, ಇಲ್ಲ ಸಿಪಾಯಿಗೆಲ್ಲಿಯ ಕಣ್ಣುನೋವು ಎಂದು ಒರೆಸಿಕೊಂಡು ಕೂತಿದ್ದೀಯಾ? ಫಿರಂಗಿಯವರಿಗಿಂತ ಮುಂದೆ ಕೂತು ಎಲ್ಲಿ ಏನಿದೆ ಎಂದು ನೋಡಿ ಹೇಳುವವನೇ ನೀನು. ನಿನ್ನ ಕಣ್ಣೇ ಕೈಕೊಟ್ಟರೆ ಹಿಂದಿರುವವರು ಯಾರ ಮೇಲೆ ಹಾರಿಸುತ್ತಾರೋ ಯಾರಿಗೆ ಗೊತ್ತು. ತಣ್ಣೀರು ಹಾಕಿಕೊ. ಹೊಟ್ಟೆ ತುಂಬ ಊಟ ಮಾಡು. ನೀನು ಕಳಿಸಿದ ಹಳದಿ ಸ್ವೆಟರ್ ಅಮ್ಮನಿಗೆ ತಲುಪಿತು. ಮೈಗೆ ಸರಿಯಾಗಿದೆ. ಆದರೆ ಮುದುಕಿಗೆ ಇಷ್ಟು ಢಾಳು ಬಣ್ಣವಾ, ಊರವರು ನಗುತ್ತಾರೆ ಎಂದು ಪೆಟ್ಟಿಗೆಗೆ ಹಾಕಿಟ್ಟಳು. ಎರಡು ದಿನಕ್ಕೊಮ್ಮೆ ತೆಗೆದು ಮೂಸಿ ನೋಡಿ ಮತ್ತೆ ಮಡಿಸಿಡುತ್ತಾಳೆ. ನಿನ್ನ ಭಾವ ದವಡೆ ಹಲ್ಲು ಕೀಳಿಸಿಕೊಂಡು ಬಂದು ಎರಡು ದಿನ ಬಾಯಿ ಬಿಡಲಿಲ್ಲ. ಮನೆ ತಣ್ಣಗಿತ್ತು. ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಆದರೆ ನಾನು ಕ್ಷೇಮವಾಗಿಲ್ಲ. ಜ್ವರವಿಲ್ಲ, ನೆಗಡಿಯಿಲ್ಲ, ಸಿಟ್ಟು ಬಂದಿದೆ. ಬಂದದ್ದು ಇಳಿಯುತ್ತಿಲ್ಲ.

ನಮ್ಮ ಜೊಂಡಿನ ತಗ್ಗು ಹೋಯಿತು ಕಣೋ. ಸುತ್ತಿ ಬಳಸಿ ಹೇಳುವುದು ನನಗೆ ಬಾರದು, ಮೊದಲೇ ಹೇಳಿಬಿಟ್ಟೆ. ಅಜ್ಜಿಯ ಕಾಲದಿಂದ ನಾವು ಜೊಂಡು ಕೊಯ್ದು ತಂದು ಚಾಪೆ ಹೆಣೆದು ಹೊಟ್ಟೆ ಹೊರೆದ ತಗ್ಗನ್ನು ಗುಡ್ಡದ ಸೈನ್ಯದ ಕ್ಯಾಂಪಿನವರು ಪೂರ್ತಿಯಾಗಿ ತಮ್ಮ ಫೈರಿಂಗ್ ರೇಂಜಿಗೆ ಸೇರಿಸಿ, ಸುತ್ತ ಬೇಲಿ ಹಾಕಿ, ಗುಂಡು ಬೀಳುವ ಜಾಗ ಮಾಡುತ್ತಾರಂತೆ. ಇಲ್ಲಿಯವರೆಗೆ ಗುಂಡು ಹಾರಿಸಲೆಂದು ಕೆಂಪು ಬಾವುಟ ಏರಿದ ದಿನ ಅವರದು, ಏರದ ದಿನ ನಮ್ಮದು ಎಂದಿತ್ತು. ಯಾರೂ ಬರೆದುಕೊಟ್ಟದ್ದಲ್ಲ, ಆದರೆ ಎರಡು ಕಡೆಯವರೂ ಮೀರಿದ್ದಿಲ್ಲ. ಇನ್ನು ಎಲ್ಲ ದಿನವೂ ಅವರದೇ. ನಮ್ಮನ್ನು ಕೇಳದೆ ಕಿತ್ತುಕೊಂಡಿದ್ದರೆ ಎದೆ ಬಡಿದುಕೊಂಡು ಅತ್ತು ಸುಮ್ಮನಾಗುತ್ತಿದ್ದೆ. ಅವರು ಕೇಳಿಯೇ ಕಿತ್ತುಕೊಂಡರು. ಸಭೆ ಕರೆದು, ಕುರ್ಚಿ ಹಾಕಿ, ಬಿಸ್ಕತ್ತು ಕೊಟ್ಟು ಕೇಳಿದರು. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಸಾರ್ವಜನಿಕರ ಅಹವಾಲು ಸಭೆ ಎಂದು ನೋಟಿಸು ಹಾಕಿದ್ದರಂತೆ. ಎಲ್ಲಿ ಹಾಕಿದ್ದರು ಗೊತ್ತಾ? ಕ್ಯಾಂಪಿನ ಗೇಟಿನ ಒಳಗೋಡೆಯ ಮೇಲೆ. ಗೇಟಿನ ಹೊರಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ ಎಂದು ಬರೆದಿದೆ, ಗೇಟಿನ ಒಳಗೆ ಸಾರ್ವಜನಿಕರೆಲ್ಲ ಬನ್ನಿ ಎಂದು ಬರೆದಿದೆ. ಟೈಲರ್ ಮಾವ ಹೊಲಿದ ಬಟ್ಟೆ ಕೊಡಲು ಒಳಗೆ ಹೋದವರು ನೋಡಿಕೊಂಡು ಬಂದು ಹೇಳಿದ್ದರಿಂದ ನಮಗೆ ತಿಳಿಯಿತು. ಆ ಯೋಜನೆಯ ಪರಿಸರ ವರದಿಯೂ ಅಲ್ಲೇ ಆಫೀಸಿನಲ್ಲಿ ಇದೆ, ಯಾರು ಬೇಕಾದರೂ ಬಂದು ಓದಬಹುದು ಎಂದಿತ್ತು. ಟೈಲರ್ ಮಾವನ ಜೊತೆ ನಾನೂ ನಿನ್ನ ಭಾವನೂ ಒಳಗೆ ಹೋದೆವು. ಗುಮಾಸ್ತ ಮೇಜಿನ ಮೇಲೆ ಧಪ್ಪೆಂದು ಇಟ್ಟ. ರುಬ್ಬುವ ಕಲ್ಲಿನಷ್ಟು ತೂಕ. ನಿನ್ನ ಭಾವ ಅದನ್ನು ಎತ್ತಿ ನೋಡಿ, ಇದನ್ನೇ ತಗ್ಗಿಗೆ ಎಸೆದರೆ ಸಾಕು, ಬಾಂಬು ಬೇಡ ಎಂದರು. ನನಗೆ ನಗು ಬಂತು. ಪುಟ ತಿರುಗಿಸಿದ ಮೇಲೆ ನಗು ನಿಂತಿತು.

ವರದಿಯಲ್ಲಿ ಹಕ್ಕಿಗಳಿಗೆ ಒಂದು ಅಧ್ಯಾಯವಿದೆ. ಯಾವ ಹಕ್ಕಿ ಜೊಂಡಿನಲ್ಲಿ ಗೂಡು ಕಟ್ಟುತ್ತದೆ, ಯಾವುದು ಬಂದು ಹೋಗುತ್ತದೆ, ಎಲ್ಲ ಬರೆದಿದ್ದಾರೆ. ಕಪ್ಪೆಗಳ ಚಿತ್ರ ಹಾಕಿದ್ದಾರೆ, ಬಣ್ಣದಲ್ಲಿ. ನಮ್ಮ ಬಗ್ಗೆ ಇರುವುದು ಒಂದೇ ಸಾಲು. ಅಧ್ಯಯನದ ಅವಧಿಯಲ್ಲಿ ಮನುಷ್ಯರ ಚಟುವಟಿಕೆ ಕಂಡುಬಂದಿಲ್ಲ. ಅದರ ಕೆಳಗೆ, ಜೊಂಡು ಸೊಂಪಾಗಿ ಬೆಳೆದಿರುವುದೇ ಇಲ್ಲಿ ಯಾರೂ ಕೈ ಹಾಕಿಲ್ಲ ಎನ್ನುವುದಕ್ಕೆ ಗುರುತು ಎಂದಿದೆ. ನೋಡು ಮರಿ, ಒಂದು ವರ್ಷ ಈ ಬದಿ ಕೊಯ್ದರೆ ಮರುವರ್ಷ ಆ ಬದಿ, ಬೇರು ಅಲುಗಬಾರದು, ಕಟ್ಟಿದ ಹೊರೆಯಿಂದ ಒಂದು ಎಳೆಯೂ ನೀರಿಗೆ ಬಿದ್ದು ಕೊಳೆಯಬಾರದು ಎಂದು ಅಮ್ಮ ನಮ್ಮ ಬೆನ್ನಿಗೆ ಗುದ್ದಿ ಗುದ್ದಿ ಕಲಿಸಿದಳಲ್ಲ, ಅದಕ್ಕೆ ಸಿಕ್ಕ ಬಹುಮಾನ ಇದು. ಬೇಕಾಬಿಟ್ಟಿ ಕೊಯ್ದು ಹಾಳುಗೆಡವಿದ್ದರೆ ನಾವಿದ್ದೇವೆ ಎಂದು ಅವರಿಗೆ ಗೊತ್ತಾಗುತ್ತಿತ್ತು.

ಮನುಷ್ಯರು ಯಾಕೆ ಕಾಣಲಿಲ್ಲ ಎನ್ನುವುದು ನನಗೆ ಆಮೇಲೆ ತಿಳಿಯಿತು. ಅಧ್ಯಯನ ಮಾಡುವವರು ಹೊರಗಿನವರು. ಹೊರಗಿನವರು ರೇಂಜಿನ ಒಳಗೆ ಕಾಲಿಟ್ಟರೆ ಅವರ ಭದ್ರತೆಗೆ ಬಾವುಟ ಏರಿಸಬೇಕು, ಬೇರೆ ಯಾರೂ ಒಳಗೆ ಬರಬಾರದು, ಅದು ಕ್ಯಾಂಪಿನ ನಿಯಮ. ಹಾಗಾಗಿ ಅವರು ಬಂದ ದಿನವೆಲ್ಲ ಬಾವುಟದ ದಿನ. ಬಾವುಟದ ದಿನ ನಾವು ಮನೆಯಲ್ಲಿ ಕೂತು ಚಾಪೆ ಹೆಣೆಯುತ್ತೇವೆ. ಕಪ್ಪೆಗಳಿಗೆ ಬಾವುಟ ತಿಳಿಯುವುದಿಲ್ಲ, ಅವು ಲೆಕ್ಕಕ್ಕೆ ಸಿಕ್ಕವು. ನಮಗೆ ತಿಳಿಯುತ್ತದೆ, ನಾವು ಸಿಗಲಿಲ್ಲ.

ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪನ ಕಾಲು ನೀನು ನೋಡಿದ್ದೀಯ. ಬಿಟ್ಟುಬಂದ ಒಂದು ಹೊರೆಗಾಗಿ ಬಾವುಟ ಏರಿದ ಮೇಲೆ ಒಳಗೆ ಹೋದದ್ದು, ಮಂಡಿಗೆ ಗುಂಡಿನ ಚೂರು ಹೊಕ್ಕಿದ್ದು, ಸಾಯುವವರೆಗೆ ಊರುಗೋಲು ಹಿಡಿದದ್ದು. ಅಂದಿನಿಂದ ನಮ್ಮ ಓಣಿಗೆಲ್ಲ ಒಂದೇ ಮಾತು: ಬಾವುಟ ಏರಿದ್ರೆ ಮನೆ, ಇಳಿದ್ರೆ ಕುಡುಗೋಲು. ಬೆಳಕು ಹರಿಯುವ ಮುಂಚೆ ಸೂರಿನ ಮೇಲೆ ಹತ್ತಿ ಗುಡ್ಡದ ಕಂಬ ನೋಡುವ ಕೆಲಸ ನಿನ್ನದಾಗಿತ್ತು. ನಿನಗೆ ಹದ್ದಿನ ಕಣ್ಣು. ಮಂಜಿನಲ್ಲೂ ನೋಡಿ “ಇದೆ” ಎಂದೋ “ಇಲ್ಲ” ಎಂದೋ ಕೂಗುತ್ತಿದ್ದೆ. ನೀನು ಇಲ್ಲ ಎಂದರೆ ಓಣಿಯ ಹೆಂಗಸರೆಲ್ಲ ಹೊರಡುತ್ತಿದ್ದರು. ಬಿಸಿಲೇರಿದರೆ ಜೊಂಡು ಗರಿಗರಿಯಾಗಿ ಮುರಿಯುತ್ತದೆ, ಇಬ್ಬನಿ ಆರುವುದರೊಳಗೆ ಕೊಯ್ದು ಬರಬೇಕು. ನೀನು ಕೂಗಿದ ಮೇಲೆ ನಿಜವಾ ಎಂದು ಯಾರೂ ಎರಡನೇ ಸಲ ಕೇಳಿದವರಲ್ಲ. ಹಾಗೆ ಆ ಕಂಬವನ್ನು ನೋಡುತ್ತ ನೋಡುತ್ತಲೇ ನೀನು ಕಂಬದ ಆ ಕಡೆಯವನಾದೆ. ಆಗಲಿ, ನಾನೇ ನಿನ್ನ ಪೆಟ್ಟಿಗೆ ಕಟ್ಟಿಕೊಟ್ಟವಳು. ಈಗ ಅದನ್ನು ಎತ್ತಿ ಆಡುವುದಿಲ್ಲ. ಆಡಬೇಕೆನಿಸುತ್ತದೆ, ಆದರೂ ಆಡುವುದಿಲ್ಲ.

ಸಭೆ ಕ್ಯಾಂಪಿನ ಸಿನಿಮಾ ಹಾಲಿನಲ್ಲಿ ನಡೆಯಿತು. ಅಧ್ಯಕ್ಷರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವವರು. ಪಕ್ಕದಲ್ಲಿ ವರದಿ ಬರೆದ ಹುಡುಗಿ, ದುಂಡು ಕನ್ನಡಕ, ನೋಡಿದರೆ ಪಾಪ ಎನ್ನಿಸಬೇಕು. ಪರದೆಯ ಮೇಲೆ ನಮ್ಮ ತಗ್ಗನ್ನು ತೋರಿಸಿದರು, ಮೇಲಿನಿಂದ ತೆಗೆದ ಫೋಟೋ. ಅಮ್ಮ ಅದನ್ನು ಗುರುತೇ ಹಿಡಿಯಲಿಲ್ಲ. ಯಾರದೋ ಹೊಲ, ಚೆನ್ನಾಗಿದೆ ಎಂದಳು. ಆಕ್ಷೇಪವಿದ್ದವರು ಎದ್ದು ನಿಂತು ಚುಟುಕಾಗಿ ಹೇಳಬೇಕು, ಗಂಟೆ ಬಾರಿಸಿದ ಕೂಡಲೇ ಕೂರಬೇಕು. ನಾನು ವಾರದಿಂದ ಚಾಪೆ ಹೆಣೆಯುತ್ತ ಹೆಣೆಯುತ್ತ ಮಾತು ಜೋಡಿಸಿಕೊಂಡಿದ್ದೆ. ನಿನ್ನ ಭಾವನ ಮುಂದೆ ಒಪ್ಪಿಸಿಯೂ ಆಗಿತ್ತು. ಕೇಳಿ ಅವರು ಚಪ್ಪಾಳೆ ತಟ್ಟಿದ್ದರು, ಬಾಯಿಗೆ ಹತ್ತಿ ತುರುಕಿಕೊಂಡೇ.

ನನ್ನ ಸರದಿ ಬರುವ ಮುಂಚೆ ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮನನ್ನು ನೋಡಿದರು. ನೀನು ಸೈನ್ಯದಲ್ಲಿರುವುದನ್ನು ಯಾರೋ ಕಿವಿಯಲ್ಲಿ ಊದಿದ್ದರು. “ತಾಯಿ, ನಿಮ್ಮ ಮಗ ನಮ್ಮವನೇ ಅಂತೆ? ಅವನು ಚೆನ್ನಾಗಿ ತರಬೇತಿ ತಗೊಂಡು ಕ್ಷೇಮವಾಗಿರಬೇಕು ಅಂತ ನಿಮಗೂ ಆಸೆ ಇರುತ್ತಲ್ವಾ?” ಎಂದು ಕೇಳಿದರು. ಅಮ್ಮನಿಗೆ ಜಗತ್ತಿನಲ್ಲಿ ನಿನ್ನ ಹೆಸರು ಎತ್ತಿದರೆ ಸಾಕಲ್ಲ. ಮಂಡಿ ಹಿಡಿದುಕೊಂಡು ಎದ್ದು ನಿಂತಳು. ಮೈಕು ಕೊಟ್ಟರು. “ಇರದೆ ಏನಪ್ಪಾ. ಮಕ್ಕಳು ಚೆನ್ನಾಗಿ ಕಲೀಲಿ. ಎಷ್ಟು ಜಾಗ ಬೇಕೋ ತಗೊಳ್ಳಿ, ಕ್ಷೇಮವಾಗಿರಲಿ ಅಷ್ಟೇ” ಎಂದಳು. ಇಡೀ ಹಾಲು ಚಪ್ಪಾಳೆ ತಟ್ಟಿತು. ನಮ್ಮ ಓಣಿಯವರೂ ತಟ್ಟಿದರು ಕಣೋ, ಸೈನಿಕನ ತಾಯಿ ಮಾತಾಡಿದಾಗ ತಟ್ಟದೆ ಕೂರುವುದು ಹೇಗೆ ಎಂದು. ಅಧ್ಯಕ್ಷರು ಕೈ ಮುಗಿದರು. ಪಕ್ಕದ ಗುಮಾಸ್ತ ತಲೆ ಬಗ್ಗಿಸಿ ಬರೆದುಕೊಂಡ.

ಅದಾದ ಮೇಲೆ ನಾನೇನು ಮಾತಾಡಲಿ? ಎದ್ದು ನಿಂತೆ. ಜೋಡಿಸಿಟ್ಟ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು. ಒಂದು ಮಾತು ಆಡಿದರೂ ಅಮ್ಮನಿಗೆ ಎದುರಾಡಿದಂತೆ, ನಿನಗೆ ಕೇಡು ಬಯಸಿದಂತೆ. ಕೊನೆಗೆ ಆ ಕನ್ನಡಕದ ಹುಡುಗಿಯ ಬೂಟು ನೋಡಿ, ಇಷ್ಟು ಬಿಳಿ ಬೂಟು ಹಾಕಿಕೊಂಡು ಯಾವ ಕೆಸರಿಗೆ ಇಳಿದಿದ್ದಿ ತಾಯಿ ಎಂದುಬಿಟ್ಟೆ. ಜನ ನಕ್ಕರು. ಗಂಟೆ ಬಾರಿಸಿದರು. ಹೊರಗೆ ಬಂದಾಗ ಆ ಹುಡುಗಿಯೇ ನನ್ನ ಹಿಂದೆ ಬಂದಳು. ಕೆಸರಿಗೆ ಅವಳೂ ಇಳಿದಿದ್ದಳಂತೆ, ಆ ಬೂಟು ಬೇರೆಯಂತೆ. ನಾವು ಇರುವುದನ್ನು ಅಧ್ಯಕ್ಷರಿಗೆ ಕಣ್ಣಾರೆ ತೋರಿಸೋಣ, ಸ್ಥಳ ತನಿಖೆಗೆ ಒಂದು ದಿನ ಕೇಳುತ್ತೇನೆ ಎಂದಳು. ಕೇಳಿದಳು, ಅವರು ಒಪ್ಪಿದರು. ಇಷ್ಟೆಲ್ಲ ಬರೆಯುವಾಗ ಅವಳ ಪಾಲಿನ ಒಳ್ಳೆಯದನ್ನು ಬಿಟ್ಟರೆ ನನಗೇ ಒಳ್ಳೆಯದಾಗುವುದಿಲ್ಲ.

ಮನೆಗೆ ಬಂದು ಅಮ್ಮ ಖುಷಿಯಾಗಿ, ಮುಂದಿನ ವರ್ಷ ಆ ಬದಿಯದು ಕೊಯ್ಯೋಣ, ಎತ್ತರ ಬಂದಿದೆ ಎಂದಳು. ಆಗ ನನ್ನ ತಲೆ ಕೆಟ್ಟುಹೋಯಿತು. ಯಾವ ಬದಿಯನ್ನು ಕೊಯ್ಯುತ್ತೀ, ಎಲ್ಲವನ್ನೂ ಮೈಕಿನಲ್ಲಿ ಕೊಟ್ಟು ಬಂದೆಯಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅವರು ಮಗನ ಬಗ್ಗೆ ಕೇಳಿದರು, ನಾನು ಮಗನ ಬಗ್ಗೆ ಹೇಳಿದೆ, ತಗ್ಗಿನ ಮಾತು ಎಲ್ಲಿ ಬಂತು ಎಂದಳು. ಬಿಡಿಸಿ ಬಿಡಿಸಿ ಹೇಳಿದೆ. ಹೇಳುತ್ತ ಹೇಳುತ್ತ ಆಡಬಾರದ್ದನ್ನೂ ಆಡಿದೆ. ಅವಳು ಹೆಣೆಯುತ್ತಿದ್ದ ಚಾಪೆಯನ್ನು ಅರ್ಧಕ್ಕೆ ಬಿಟ್ಟು ಗೋಡೆಯ ಕಡೆ ತಿರುಗಿ ಕೂತಳು. ಮಾರನೇ ದಿನ ಒಬ್ಬಳೇ ಕ್ಯಾಂಪಿನ ಗೇಟಿಗೆ ಹೋಗಿದ್ದಾಳೆ, ಸಭೆಯಲ್ಲಿ ನಾನು ಆಡಿದ ಮಾತನ್ನು ವಾಪಸ್ ತಗೊಳ್ಳಬೇಕು, ಒಳಗೆ ಬಿಡಪ್ಪಾ ಎಂದು. ಪಹರೆಯ ಹುಡುಗ ನಿನ್ನ ವಯಸ್ಸಿನವನಂತೆ. ಸ್ಟೂಲು ಹಾಕಿ ಕೂರಿಸಿದ, ನೀರು ಕೊಟ್ಟ, ಅಮ್ಮಾ ಎಂದ. ಒಳಗೆ ಬಿಡಲಿಲ್ಲ. ಹೊರಗಿನವರು ಬಂದರೆ ಬಾವುಟ ಏರಿಸುವ ನಿಯಮವನ್ನು ಹೇಳಿದವನೂ ಅವನೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅದನ್ನು ಗೇಟಿನ ಮುಂದೆ ಸ್ಟೂಲಿನ ಮೇಲೆ ಕೂತು ಕಲಿಯಬೇಕಾಯಿತು ನಮ್ಮಮ್ಮ, ಈ ವಯಸ್ಸಿನಲ್ಲಿ.

ಆದರೆ ನಿಯಮ ತಿಳಿದ ಮೇಲೂ ನಾವು ಮಾಡಿಕೊಂಡದ್ದನ್ನು ಕೇಳು. ತನಿಖೆಯ ದಿನ ಬಂತು. ಓಣಿಯವರೆಲ್ಲ ಒಳ್ಳೆಯ ಬಟ್ಟೆ ಹಾಕಿಕೊಂಡು, ಕುಡುಗೋಲು ಮಸೆದುಕೊಂಡು, ಮುಂಜಾವಿಗೇ ಗುಡ್ಡದ ಬುಡದಲ್ಲಿ ಸೇರಿದೆವು. ನೋಡಲಿ ನಮ್ಮನ್ನು, ಕೊಯ್ಯುವುದನ್ನೂ ನೋಡಲಿ, ಹೊರೆ ಹೊರುವುದನ್ನೂ ನೋಡಲಿ ಎಂದು. ನಿನ್ನ ಭಾವ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದರು, ಹೆಣ್ಣು ನೋಡಲು ಹೊರಟವರ ಹಾಗೆ. ಕಾಲುದಾರಿಗೆ ಇಳಿಯಬೇಕು ಎನ್ನುವಷ್ಟರಲ್ಲಿ ಕಂಬದ ಮೇಲೆ ಬಾವುಟ ಏರಿತು. ಯಾರೂ ಏನೂ ಯೋಚಿಸಲಿಲ್ಲ ಮರಿ. ಅಮ್ಮ “ನಡೀರಿ, ಏರಿತು” ಎಂದಳು. ನಾವೆಲ್ಲ ಹಿಂದೆ ತಿರುಗಿ ಮನೆಗೆ ಬಂದೆವು. ನಾನೂ ಬಂದೆ. ಎಲ್ಲವನ್ನೂ ತಿಳಿದ ನಾನು, ಸಭೆಯಲ್ಲಿ ನಾಲಿಗೆ ಹರಿಬಿಟ್ಟ ನಾನು. ಕಾಲೇ ತಿರುಗಿತು. ಮನೆ ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟ ಮೇಲೆ ನೆನಪಾಯಿತು, ಆ ಬಾವುಟ ಗುಂಡಿಗಾಗಿ ಅಲ್ಲ, ನಮ್ಮನ್ನು ನೋಡಲು ಬಂದವರಿಗಾಗಿ ಎಂದು. ಓಡಿದೆ. ಅಷ್ಟರಲ್ಲಿ ದಾರಿಗೆ ಅಡ್ಡ ಹಗ್ಗ ಕಟ್ಟಿದ್ದರು. ದೂರದಲ್ಲಿ ಜೀಪು ಕಾಣುತ್ತಿತ್ತು. ಅಧ್ಯಕ್ಷರು ಕೊಡೆ ಹಿಡಿದು ಜೊಂಡಿನ ಸುತ್ತ ಓಡಾಡುತ್ತಿದ್ದರು. ನಾನು ಕೂಗಿದೆ, ಗಾಳಿ ಆ ಕಡೆಯಿಂದ ಬೀಸುತ್ತಿತ್ತು. ಆ ದಿನ ಒಂದೇ ಒಂದು ಗುಂಡಿನ ಸದ್ದೂ ಕೇಳಲಿಲ್ಲ.

ಹುಡುಗಿ ಇನ್ನೊಂದು ದಿನ ಕೇಳಿದಳಂತೆ. ಒಂದು ಸಲ ನೋಡಿದ್ದಾಯಿತು, ಜನರಿಗೇ ಆಸಕ್ತಿ ಇಲ್ಲ ಎಂದರಂತೆ. ಹೋದ ವಾರ ಆದೇಶ ಬಂತು, ಅದನ್ನೂ ಗೇಟಿನ ಒಳಗೇ ಅಂಟಿಸಿದ್ದಾರೆ. ತಗ್ಗಿನಲ್ಲಿ ಸಾರ್ವಜನಿಕರು ಯಾರೂ ಕಂಡುಬಂದಿಲ್ಲ, ತನಿಖೆಯಲ್ಲೂ ಅದು ಖಚಿತವಾಗಿದೆ, ಸೈನಿಕರೊಬ್ಬರ ತಾಯಿ ಸೇರಿದಂತೆ ಸಭೆ ಹರ್ಷದಿಂದ ಒಪ್ಪಿಗೆ ಕೊಟ್ಟಿದೆ ಎಂದಿದೆಯಂತೆ. ಟೈಲರ್ ಮಾವ ಓದಿಕೊಂಡು ಬಂದು ಹೇಳುವಾಗ ಅಮ್ಮನ ಮುಖ ನೋಡಲಿಲ್ಲ. ನಮ್ಮ ಕಿವಿಯ ಮೇಲೆ ಹೂ ಇಟ್ಟರು ಎಂದು ಬೈಯಲೂ ಆಗುತ್ತಿಲ್ಲ. ಸುಳ್ಳು ಎನ್ನಬಹುದಾದ ಒಂದು ಅಕ್ಷರ ಅದರಲ್ಲಿಲ್ಲ. ಅಮ್ಮ ಒಪ್ಪಿದ್ದು ನಿಜ. ಜನ ಚಪ್ಪಾಳೆ ತಟ್ಟಿದ್ದು ನಿಜ. ತಗ್ಗಿನಲ್ಲಿ ಯಾರೂ ಇರಲಿಲ್ಲ ಎನ್ನುವುದೂ ನಿಜ. ನಾವು ಜನ್ಮವಿಡೀ ಅವರ ಮಾತು ಕೇಳಿಕೊಂಡು ಬಂದೆವು. ಕೇಳಿದ್ದೇ ತಪ್ಪಾಯಿತು. ಬೇಲಿಯ ಕಂಬಗಳು ಗುಡ್ಡದ ಬುಡದಲ್ಲಿ ರಾಶಿ ಬಿದ್ದಿವೆ. ಹಿತ್ತಲಲ್ಲಿ ಒಣಗಿಸಿಟ್ಟ ಜೊಂಡು ಮುಗಿಯುತ್ತ ಬಂತು, ಅದರ ಮೇಲೆ ಏನು ಮಾಡುವುದೋ ಗೊತ್ತಿಲ್ಲ. ನಿನ್ನ ಭಾವ ಪ್ಲಾಸ್ಟಿಕ್ ಚಾಪೆ ತಂದು ಮಾರೋಣ ಎನ್ನುತ್ತಾರೆ. ಹೇಳಿದ ಮೇಲೆ ಅವರೇ ಎದ್ದು ಹೊರಗೆ ಹೋಗುತ್ತಾರೆ.

ಇದನ್ನೆಲ್ಲ ನಿನಗೆ ಬರೆದು ನಿನ್ನ ನಿದ್ದೆ ಕೆಡಿಸಬೇಕಾ ಎಂದು ಬಹಳ ಯೋಚಿಸಿದೆ. ಕೆಡಲಿ ಎಂದುಕೊಂಡೆ. ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ, ನೀನೊಬ್ಬ ಗೊರಕೆ ಹೊಡೆದು ಏನು ಪ್ರಯೋಜನ. ನಿನ್ನ ಮೇಲೂ ನನಗೆ ಸಿಟ್ಟಿದೆ. ನೀನೇನು ಮಾಡಿದೆ ಎಂದರೆ ಹೇಳಲು ಬಾರದು. ನೀನು ಆ ಕಡೆ ಇದ್ದೀಯಲ್ಲ, ಅದಕ್ಕೆ. ಆದರೂ ನಾನು ಎತ್ತಿ ಆಡಿಸಿದ ತಮ್ಮ ನೀನು. ಎಲ್ಲೇ ಇರು, ದೇವರು ನಿನ್ನ ತಲೆ ಕಾಯಲಿ, ಕಣ್ಣು ಚುರುಕಾಗಿರಲಿ. ಭಾವ ನೆನೆಸಿಕೊಂಡರು ಎಂದು ಬರೆಯಲು ಹೇಳಿದ್ದಾರೆ. ಅಮ್ಮ ಮಲಗಿದ್ದಾಳೆ. ಅವಳ ಆಶೀರ್ವಾದಕ್ಕೆ ಅವಳನ್ನು ಎಬ್ಬಿಸಿ ಕೇಳಬೇಕಿಲ್ಲ, ನಿನಗೆ ಅದು ಸದಾ ಇದ್ದೇ ಇದೆ. ನನ್ನದನ್ನೂ ಅದರ ಜೊತೆಗೆ ಸೇರಿಸಿಕೊ.

ಸಿಟ್ಟಿನಲ್ಲೂ ನಿನ್ನವಳೇ ಆದ
ಅಕ್ಕ

ತಾ.ಕ.: ಅಮ್ಮ ಎದ್ದ ಸದ್ದು, ಬೇಗ ಬರೆಯುತ್ತೇನೆ. ಮುಂದಿನ ತಿಂಗಳು ರೇಂಜಿಗೆ ಬರುವ ತುಕಡಿಗೆಂದು ಟೈಲರ್ ಮಾವನಿಗೆ ಭುಜದ ಪಟ್ಟಿ ಹೊಲಿಯಲು ಕೊಟ್ಟಿದ್ದಾರೆ. ಪಟ್ಟಿಯ ಮೇಲಿರುವುದು ನಿನ್ನ ರೆಜಿಮೆಂಟಿನ ಸಂಖ್ಯೆ. ನಿನಗೆ ಇನ್ನೂ ಹೇಳಿದ್ದಾರೋ ಇಲ್ಲವೋ. ತಗ್ಗಿಗೆ ಮೊದಲ ಗುಂಡು ನೀವೇ ಹಾರಿಸುವುದು. ಅಮ್ಮನಿಗೆ ಇದು ಗೊತ್ತಾದ ದಿನದಿಂದ ಅವಳು ಅಳುವುದನ್ನು ನಿಲ್ಲಿಸಿ ಕುಡುಗೋಲು ಮಸೆಯುತ್ತಿದ್ದಾಳೆ. ಬೇಲಿ ಮುಗಿಯುವ ಮುಂಚೆ, ನಿಮ್ಮ ತುಕಡಿಗೆಂದು ಬಾವುಟ ಏರಿದ ದಿನವೇ ಒಳಗೆ ಹೋಗುತ್ತಾಳಂತೆ. ಅವರು ನೋಡುವುದು ಆ ದಿನ ಮಾತ್ರ ತಾನೇ, ಆ ದಿನವೇ ಇರೋಣ ಎನ್ನುತ್ತಾಳೆ. ಅಪ್ಪನ ಕಾಲು ನೆನಪಿಸಿದೆ, ಕೇಳಲಿಲ್ಲ. ಅವಳೊಬ್ಬಳನ್ನೇ ಕಳಿಸಲಾರೆ, ನಾನೂ ಹೋಗುತ್ತೇನೆ. ಓಣಿಯ ಹೆಂಗಸರೂ ಬರುತ್ತಾರೆ. ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ಮುಂದೆ ಕೂತು ನೋಡುವವನು ನೀನು, ಸರಿಯಾಗಿ ನೋಡು. ಸೂರಿನ ಮೇಲಿಂದ ಕೂಗುತ್ತಿದ್ದೆಯಲ್ಲ, ಹಾಗೇ ಗಂಟಲು ಬಿಚ್ಚಿ ಹಿಂದಿರುವವರಿಗೆ ಕೇಳುವಂತೆ ಕೂಗು, ಇದ್ದಾರೆ ಎಂದು. ಅಮ್ಮ ಇವತ್ತು ಬೆಳಿಗ್ಗೆ ಪೆಟ್ಟಿಗೆಯಿಂದ ಹಳದಿ ಸ್ವೆಟರ್ ಹೊರಗೆ ತೆಗೆದಿಟ್ಟಿದ್ದಾಳೆ, ದೂರಕ್ಕೆ ಕಾಣಲಿ ಎಂದು.